ಗದ್ದ ಮೇಲೆತ್ತಿ

ಮೂವತ್ನಾಲ್ಕು ವರ್ಷ ಮೆಗ್ಗಾನ್ ಆಸ್ಪತ್ರೆಯ
ಎಕ್ಸ್‌ರೇ ಕೋಣೆಯಲ್ಲಿ ನಾನು ಹೇಳಿದ್ದು ಒಂದೇ ಮಾತು:
ಗದ್ದ ಮೇಲೆತ್ತಿ. ಉಸಿರು ಎಳಕೊಳ್ಳಿ. ಹಿಡೀರಿ.
ಹಾಂ, ಬಿಡಿ.

ಮುಖ ನೋಡುವ ಕೆಲಸವಲ್ಲ ಅದು.
ತಣ್ಣನೆ ತಗಡಿಗೆ ಎದೆಯೊತ್ತಿ ನಿಂತವರ
ಬೆನ್ನು ನನ್ನ ಪಾಲಿಗೆ.
ಬೆವರುಗುಳ್ಳೆ, ತಾಯತದ ದಾರ, ಹಾಲುಮಚ್ಚೆ,
ಒಂದೊಂದು ಬೆನ್ನಿಗೆ ಬಾಸುಂಡೆ. ಕೇಳಲಿಲ್ಲ.
ಆಮೇಲೆ ಕತ್ತಲೆ ಕೋಣೆ, ಕೆಂಪು ದೀಪ,
ತಟ್ಟೆಯ ನೀರಿನಲ್ಲಿ ಮೆಲ್ಲಗೆ ತೇಲಿ ಬರುವ ಪಕ್ಕೆಲುಬು.
ಅಲ್ಲಿ ಏನು ಕಂಡರೂ ಹೊರಗೆ ಬಂದು
"ಡಾಕ್ಟರ್ ಹೇಳ್ತಾರೆ" ಅನ್ನಬೇಕು.
ಅಷ್ಟು ಅನ್ನುವಷ್ಟು ಹೊತ್ತು
ಮುಖವನ್ನು ಗೋಡೆ ಮಾಡಿಕೊಳ್ಳುವುದು ಕಲಿತಿದ್ದೆ.

ನಿವೃತ್ತಿಯ ದಿನ ಹಾರ, ಶಾಲು, ಗೋಡೆ ಗಡಿಯಾರ.
ಮರುವಾರ ನೆಹರೂ ರಸ್ತೆಯಲ್ಲಿ
ನಾಲ್ಕು ಪೆನ್ಸಿಲು, ಒಂದು ರಬ್ಬರು, ದಪ್ಪ ಕಾಗದದ ಪುಸ್ತಕ.
"ಮೊಮ್ಮಗನಿಗಾ ಸಾರ್?" ಅಂದ ಅಂಗಡಿಯವ.
ಹೂಂ ಅಂದೆ. ಮೊಮ್ಮಗ ಇಲ್ಲ ನನಗೆ.

ಮೊದಲು ಬರೆದದ್ದು ವಿಶಾಲಾಕ್ಷಿಯನ್ನು,
ಅವರೆಕಾಯಿ ಸುಲಿಯುತ್ತ ಕೂತಿದ್ದಾಗ.
ನೋಡಿ, "ಯಾರಿದು, ನಿಮ್ಮ ಸೋದರಮಾವನಾ?" ಅಂದಳು.
ಹೌದು. ಬುರುಡೆ ಬರೆದು ಮೇಲೆ ಚರ್ಮ ಹೊದಿಸಿದ್ದೆ.
ದವಡೆ ಸರಿ, ಕಣ್ಣಿನ ಗುಳಿ ಅಳತೆಗೆ ಸರಿ,
ಆದರೆ ಅವಳಿರುವುದು ಮೂಳೆ ಮುಗಿದ ಮೇಲೆ,
ಮೂಗಿನ ತುದಿಯಲ್ಲಿ, ತುಟಿಯ ಎಡಮೂಲೆಯಲ್ಲಿ,
ಫಿಲಂ ಮೇಲೆ ಎಂದೂ ಬೀಳದ ಕಡೆ.

ಆಮೇಲೆ ಇಸ್ತ್ರಿ ಅಂಗಡಿಯ ಚಮನ್ ಸಾಬ್,
ಎಳನೀರಿನ ರುದ್ರೋಜಿ, ಎದುರುಮನೆ ಹುಡುಗಿ.
ಕೂತ ಕೂಡಲೆ ಉಸಿರು ಕಟ್ಟಿಬಿಡುತ್ತಾರೆ ಎಲ್ಲರೂ.
ಬಿಡಿ ಮಾರಾಯ್ರೆ, ಬಿಡಿ, ಅನ್ನುತ್ತೇನೆ,
ಇದಕ್ಕೆ ಬೇಕಾಗಿಲ್ಲ ಅದು.

ಕಳಲೆ ಮಾರುವ ಹೂವಮ್ಮ ಒಂದು ದಿನ
ಬುಟ್ಟಿ ಇಳಿಸಿ ಕೇಳಿದಳು,
"ನಮ್ಮೋರ್ದೊಂದು ಬರ್ದು ಕೊಡ್ತೀರಾ?"
ಫೋಟೋ ತಗೊಂಡು ಬಾ ಅಂದೆ.
"ಫೋಟೋ ತೆಗೆಸಿದ್ದು ಒಂದೇ ಸಲ. ತೆಗೆದೋರು ನೀವೇ."

ಮರುದಿನ ತಂದಳು, ಗೆದ್ದಲು ತಿಂದ ಲಕೋಟೆ.
ಕಿಟಕಿಗೆ ಹಿಡಿದೆ. ನನ್ನದೇ ಸೀಸದ ಅಕ್ಷರ,
ತೊಂಬತ್ತೆಂಟರ ಇಸವಿ.
ಏಳನೆಯ ಪಕ್ಕೆಲುಬು ಮುರಿದು ಕೂಡಿದೆ.
"ಲಾರಿಯಿಂದ ಬಿದ್ದಿದ್ರು," ಅಂದಳು.
ಬಲಗಡೆ ಮೇಲೆ ಒಂದು ಮೋಡ.
ಅದರ ಬಗ್ಗೆ ಅವಳು ಕೇಳಲಿಲ್ಲ.
ಅವತ್ತು ಕೇಳಿದ್ದು ಆತ, ಅಂಗಿ ಗುಂಡಿ ಹಾಕಿಕೊಳ್ಳುತ್ತ.
ನಾನು ಏನಂದಿದ್ದೆ ಅಂತ ಮೇಲೆ ಬರೆದಿದ್ದೇನೆ.

ಮುಖ ಎಲ್ಲಮ್ಮ ಇದರಲ್ಲಿ, ಅಂದೆ.
"ಇಲ್ಲಿದೆಯಲ್ಲ." ಬೆರಳು ಮೇಲಂಚಿಗೆ ಹೋಯಿತು.
ಕುತ್ತಿಗೆಯ ನೆರಳು ಮುಗಿಯುವಲ್ಲಿ
ಕಮಾನಿನಂತೆ ಬೆಳ್ಳಗೆ
ದವಡೆಯ ಕೆಳಗೆರೆ.

ಗದ್ದ ಮೇಲೆತ್ತಿ ಎಂದಿದ್ದೆ, ಸರಿಯಾಗಿ ಎತ್ತಿರಲಿಲ್ಲ ಮನುಷ್ಯ.
ಇನ್ನೊಂದು ತೆಗೆಯಬೇಕಾಗಿದ್ದ ಫಿಲಂ.
ಊಟದ ಹೊತ್ತಿರಬೇಕು. ಹಾಗೇ ಕಳಿಸಿದ್ದೆ.

ಕಾಗದವನ್ನು ಫಿಲಮ್ಮಿನ ಮೇಲಿಟ್ಟು
ಅದೊಂದು ಗೆರೆ ಎಳೆದುಕೊಂಡೆ.
ಕಿವಿ?
"ದೊಡ್ಡವು. ಬಿಸಿಲಿಗೆ ಕೂತ್ರೆ ಕೆಂಪಗೆ ಬೆಳಕು ದಾಟೋದು."
ಹುಬ್ಬು?
"ಸಿಟ್ಟು ಬಂದಾಗಿಂದಾ, ಸುಮ್ನಿದ್ದಾಗಿಂದಾ?"
ಸುಮ್ಮನಿದ್ದಾಗಿನದು ಅಂದೆ.
ತುಂಬ ಹೊತ್ತು ಯೋಚಿಸಿದಳು.

ಮೂರು ಸಲ ಅಳಿಸಿದೆ. ಮೂಗಿಗೆ ಇನ್ನೂ ಬಂದಿಲ್ಲ.
ಹೊರಡುವಾಗ ಒಂದು ಪಾಲು ಕಳಲೆ ಇಟ್ಟು,
"ಮೂರು ದಿನ ನೀರಲ್ಲಿಡಿ, ದಿನಾ ನೀರು ಬದಲಾಯಿಸಿ,
ಇಲ್ದಿದ್ರೆ ನಂಜು," ಅಂದಳು.

ರಾತ್ರಿ ಎದ್ದು ಹೋಗಿ ನೋಡಿದೆ.
ಪಾತ್ರೆಯ ನೀರಿನಲ್ಲಿ ಬೆಳ್ಳಗೆ, ಉಂಗುರ ಉಂಗುರ.
ದೀಪ ಹಾಕಲಿಲ್ಲ.